ಅಂಗೈ ಮೇಲಿನ ತೋಳ

"ಮೇಣ ಮುಟ್ಟಬ್ಯಾಡ್ರಿ!"

ಶಂಭುಲಿಂಗ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ಉಗುರಿನಿಂದ ಕೆರೆದು ತೆಗೆಯಲು ಹೊರಟಿದ್ದರು ಪುಣ್ಯಾತ್ಮ. ಯಾರಾದರೂ ಬರುತ್ತಾರೆಂದರೆ ಒರೆಸಿ ಗುಡಿಸುವ ಚಟ ಆ ಮನೆಯವರಿಗೆ ಎಷ್ಟಿತ್ತೆಂದರೆ, ಕಾಣೆಯಾದ ಮಗಳ ಕೋಣೆಯನ್ನೂ ನಾನು ಬರುವ ಮೊದಲೇ ವ್ಯಾಕ್ಯೂಮ್ ಮಾಡಿಟ್ಟಿದ್ದರು. ಈ ಕಪಾಟಿನ ಮೇಲಿನ ಹಲಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಹೆದರಿಕೆ.

ಸಿಡ್ನಿಯ ರೌಸ್ ಹಿಲ್‌ನ ಆ ಮನೆಯ ಮಹಡಿಯಲ್ಲಿ ನಾನು ಕೃಪಾಳ ಗಿಡ್ಡ ಕಪಾಟಿನ ಮುಂದೆ ಮೊಣಕಾಲೂರಿದ್ದೆ. ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿ ಮನೆ ಬಿಟ್ಟು ಎರಡು ವಾರವಾಗಿತ್ತು. ಅವಳ ಕಾರು ವಿಂಡ್ಸರ್‌ನಲ್ಲಿ, ಹಾಕ್ಸ್‌ಬರಿ ನದಿಯ ಸೇತುವೆಯ ಪಕ್ಕದ ಕಾರ್‌ಪಾರ್ಕ್‌ನಲ್ಲಿ ಸಿಕ್ಕಿತ್ತು. ಪೊಲೀಸರ ಮುಳುಗುತಜ್ಞರು ಸೇತುವೆಯ ಕೆಳಗೆ ಅವಳ ಹೆಣ ಹುಡುಕುತ್ತಿದ್ದರು. ಹೆಣವೇ ಸಿಗಬೇಕೇ, ಹುಡುಗಿ ಸಿಗಬಾರದೇ ಎಂದು ಅವಳ ತಾಯಿ ಅಹಲ್ಯಾ ಅತ್ತದ್ದಕ್ಕೆ ನನ್ನನ್ನು ಕರೆಸಿದ್ದರು. ನಾನು ಶ್ರೀದೇವಿ, ಊರು ಧಾರವಾಡ. ಸಿಡ್ನಿಯದೇ ಇನ್ನೊಂದು ಬಡಾವಣೆ ಲಿವರ್‌ಪೂಲ್‌ನಲ್ಲಿ ಒಂದು ಕಿರಾಣಿ ಅಂಗಡಿಯ ಮೇಲೆ ನನ್ನ ಪತ್ತೇದಾರಿ ಆಫೀಸು. ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ ಬನ್ನಿ ಎಂದು ಮೊದಲ ದಿನವೇ ಹೇಳಿದ್ದರು. ಅಕ್ಕಪಕ್ಕದ ಕನ್ನಡದವರಿಗೆಲ್ಲ ಮಗಳು ಟ್ರೇನಿಂಗ್‌ಗೆಂದು ಮೆಲ್ಬರ್ನ್‌ಗೆ ಹೋಗಿದ್ದಾಳೆಂದು ಸುದ್ದಿ ಹಬ್ಬಿಸಿದ್ದರಲ್ಲ, ಅದಕ್ಕೆ.

ಮಗಳು ಕಳೆದುಹೋದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಪೊಲೀಸರಲ್ಲ, ವಾಟ್ಸಾಪ್ ಗ್ರೂಪು.

"ಇನ್ನೊಮ್ಮೆ ಹೇಳ್ರಿ. ಆಕಿ ಹೋಗಿದ್ದು ಮೊದಲೋ, ನೀವು ಈ ಹಲಗಿ ಮ್ಯಾಲಿನ ತೋಳದ ಮೂರ್ತಿ ತಗದದ್ದು ಮೊದಲೋ?"

"ಎಷ್ಟು ಸಲ ಹೇಳ್ಲಿ ಮ್ಯಾಡಮ್?" ಶಂಭುಲಿಂಗ ನಾರ್ತ್ ಸಿಡ್ನಿಯ ಆಫೀಸಿನಿಂದ ನೇರ ಬಂದವರು, ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇತ್ತು. "ಆಕಿ ಹೋದ ಮ್ಯಾಲೆ. ಪೊಲೀಸ್ರು ರೂಮ್ ನೋಡ್ತಾರ, ಫೋಟೋ ಹೊಡೀತಾರ. ಲಿಂಗಾಯತರ ಹುಡುಗಿ ತೋಳದ ಪೂಜಿ ಮಾಡ್ತಿದ್ಲು ಅಂತ ನಾಳೆ ನ್ಯೂಸ್‌ನಾಗ ಬಂದ್ರ? ಅದಕ್ಕ ತಗದು ಇಟ್ಟೆ. ನೀವು ಆ ಅಭಿನವನ್ನ ಹುಡುಕ್ರಿ. ಅವನ ಫೋನೂ ಸ್ವಿಚ್ ಆಫ್ ಐತಿ. ಅವನೇ ಆಕಿನ್ನ ಓಡಿಸ್ಕೊಂಡು ಹೋಗ್ಯಾನ."

ಅಭಿನವ ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗ. ಅವಳ ಹಾಗೆಯೇ ತೋಳದ ಭಕ್ತ. ರಜೆ ಹಾಕಿ ಟಾಸ್ಮೇನಿಯಾಕ್ಕೆ ಟ್ರೆಕ್ಕಿಂಗ್ ಹೋಗಿದ್ದಾನೆಂದು ಮೈಸೂರಿನಲ್ಲಿರುವ ಅವನ ಮನೆಯವರು ನಂಬಿಕೊಂಡಿದ್ದರು. ಅವನನ್ನೂ ಹುಡುಕುವುದಿತ್ತು, ಆದರೆ ಈಗ ನನ್ನ ಕಣ್ಣು ಹಲಗೆಯ ಮೇಲಿತ್ತು.

"ಅಹಲ್ಯಾ ಅವರೇ, ಈ ಮನ್ಯಾಗ ಮೇಣದಬತ್ತಿ ಯಾರು ಹಚ್ತಾರ?"

ಬಾಗಿಲಲ್ಲಿ ನಿಂತಿದ್ದ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಆಕಿ ಒಬ್ಬಾಕಿನ ರಿ. ನಾವು ದೀಪ ಹಚ್ಚವರು."

"ಹಂಗಾರ ಬರ್ರಿ, ಇದನ್ನ ನೋಡ್ರಿ."

ಹಲಗೆಯ ತುಂಬ ಅಗರಬತ್ತಿಯ ಬೂದಿ, ಧೂಳು, ಹೊಗೆಯ ಕರೆ. ನಡುವೆ ಅಂಗೈಯಷ್ಟು ಜಾಗ ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛ. ತೋಳದ ವಿಗ್ರಹ ಕೂತಿದ್ದ ಜಾಗ ಅದು. ಆ ಸ್ವಚ್ಛ ಜಾಗದ ಸರಿಯಾಗಿ ಮಧ್ಯದಲ್ಲಿ ಕೆಂಪು ಮೇಣ ಕರಗಿ ಹೆಪ್ಪುಗಟ್ಟಿತ್ತು.

"ವಿಗ್ರಹ ಇಲ್ಲೇ ಇದ್ದಿದ್ರ ಅದರ ಬುಡದಾಗ ಬತ್ತಿ ಹಚ್ಚೂದು ಹೆಂಗ? ತೋಳ ಹೋದ ಮ್ಯಾಲೆ, ಖಾಲಿ ಜಾಗಕ್ಕ ಯಾರೋ ಬತ್ತಿ ಹಚ್ಯಾರ. ಹಚ್ಚಾಕಿ ಕೃಪಾ ಒಬ್ಬಾಕಿನ. ಅಂದ್ರ ನೀವು ತಗದಾಗ ಆಕಿ ಇನ್ನೂ ಈ ಮನ್ಯಾಗ ಇದ್ಲು, ಶಂಭುಲಿಂಗ ಅವರೇ."

ಅವರು ಕೊರಳಿನ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಂಡರು. ತಮ್ಮ ಹೆಸರು ಅಲ್ಲಿ ನೇತಾಡುವುದು ಅವರಿಗೇ ಬೇಡವಾಗಿತ್ತೆಂದು ಕಾಣುತ್ತದೆ.

ಮಾತಾಡಿದ್ದು ಅಹಲ್ಯಾ. "ಅವತ್ತು ರಾತ್ರಿ ನಾ ಕೇಳ್ಸಿಕೊಂಡೀನ್ರಿ. ಬಾಗಲಾ ಹಾಕ್ಕೊಂಡು ಪ್ರಾರ್ಥನಾ ಮಾಡ್ತಿದ್ಲು. ದಿನಾ ಮಾಡ್ತಿದ್ಲು, ನಾ ದಿನಾ ಹೊರಗ ನಿಂತು ಕೇಳ್ತಿದ್ದೆ."

"ಏನಂತ?"

"ಕನ್ನಡದಾಗ ರಿ. ನಮ್ಮ ಜೋಡಿ ಇಂಗ್ಲಿಷ್ ಬಿಟ್ಟು ಒಂದು ಅಕ್ಷರ ಆಡ್ತಿದ್ದಿಲ್ಲ. 'ಊಟಾ ಮಾಡು ಬಾ' ಅಂದ್ರ 'ನಾಟ್ ಹಂಗ್ರಿ'. ಅದರ ಜೋಡಿ ಮಾತ್ರ ಕನ್ನಡ. ಅದೂ ಹುಬ್ಬಳ್ಳಿ ಕನ್ನಡ, ನಮ್ಮತ್ತಿ ಆಡ್ತಾರಲ್ಲ ಹಂಗ."

ಆಕೆ ಕಣ್ಣು ಮುಚ್ಚಿಕೊಂಡು, ಮಗಳ ದನಿಯನ್ನೇ ನೆನಪು ಮಾಡಿಕೊಳ್ಳುತ್ತ ಹೇಳಿದರು:

"ತೋಳಪ್ಪಾ, ಸಾಕಿದವರ ನಿನ್ನ ಕಟ್ಟಿದ್ರು. ನೀ ಏನೂ ಮಾಡಿದ್ದಿಲ್ಲ, ನೀ ದೊಡ್ಡಾವಾದಿ ಅಂತ ಹೆದರಿ ಕಟ್ಟಿದ್ರು. ನನ್ನ ಸಿಟ್ಟು ನೀ ಇಟ್ಟುಕೋ, ನಿನ್ನ ತಾಳ್ಮಿ ನನಗ ಕೊಡು. ನಿನ್ನ ಕಟ್ಟು ಹರಿಯೋ ದಿನ ನಿನ್ನ ಬಾಜೂಕ ನಾ ಇರ್ತೀನಿ. ನಿನ್ನ ಬಾಯಾಗ ನನ್ನ ಕೈ ಐತಿ. ನಾ ಮೋಸ ಮಾಡಂಗಿಲ್ಲ."

ಈ ತೋಳದ ಕಥೆಯನ್ನು ಕಳೆದ ವಾರವಿಡೀ ಓದಿದ್ದೆ. ಹೆಸರು ಫೆನ್ರಿರ್, ಬಡಗಣ ಯುರೋಪಿನ ಹಳೆಯ ದೇವರುಗಳ ಕಾಲದ್ದು. ದೇವರುಗಳು ಮರಿಯನ್ನು ತಮ್ಮ ಮನೆಯಲ್ಲೇ ಸಾಕಿದರು. ಅದು ಬೆಳೆದದ್ದು ನೋಡಿ, ಮುಂದೆ ನಮ್ಮನ್ನೇ ತಿನ್ನುತ್ತದೆಂಬ ಭವಿಷ್ಯ ಕೇಳಿ ಹೆದರಿದರು. ರೇಷ್ಮೆಯ ದಾರದಂಥ ಒಂದು ಮಾಯದ ಪಟ್ಟಿ ತಂದು, 'ಆಟಕ್ಕೆ ಕಟ್ಟುತ್ತೇವೆ, ಹರಿಯಲಾಗದಿದ್ದರೆ ನಾವೇ ಬಿಚ್ಚುತ್ತೇವೆ' ಎಂದರು. ಹಾಗಾದರೆ ನಿಮ್ಮಲ್ಲೊಬ್ಬರು ನನ್ನ ಬಾಯಲ್ಲಿ ಕೈ ಇಡಿ ಎಂದಿತು ತೋಳ. ಟೀರ್ ಎಂಬ ದೇವರು ಇಟ್ಟ. ಪಟ್ಟಿ ಹರಿಯಲಿಲ್ಲ, ದೇವರುಗಳು ಬಿಚ್ಚಲಿಲ್ಲ. ಟೀರ್‌ನ ಕೈ ಹೋಯಿತು. ತೋಳ ಇಂದಿಗೂ ಕಟ್ಟಿನಲ್ಲೇ ಇದೆಯಂತೆ.

ಆ ದೇವರುಗಳನ್ನು ಈಗ ಮತ್ತೆ ಪೂಜಿಸುವವರಲ್ಲೂ ಎಷ್ಟೋ ಮಂದಿ ಈ ತೋಳವನ್ನು ಹತ್ತಿರ ಸೇರಿಸುವುದಿಲ್ಲ. ಅದನ್ನು ನೆಚ್ಚಿಕೊಳ್ಳುವವರು ಮನೆಯವರೇ ಕೊಟ್ಟ ಮಾತು ಮುರಿದದ್ದನ್ನು ಕಂಡವರೇ ಹೆಚ್ಚು ಎಂದು ನನಗನ್ನಿಸಿತ್ತು.

"ಶಂಭುಲಿಂಗ ಅವರೇ," ಎಂದೆ. "ನೀವು ಆಕಿಗೆ ಏನಂತ ಮಾತು ಕೊಟ್ಟಿದ್ರಿ?"

ಅವರು ಮಗಳ ಮಂಚದ ತುದಿಯಲ್ಲಿ ಕುಳಿತರು. ಅಲ್ಲಿ ಕೂರುವ ಹಕ್ಕು ತಮಗಿಲ್ಲ ಎಂಬಂತೆ ಮತ್ತೆ ಎದ್ದು ನೆಲದ ಮೇಲೆ ಕುಳಿತರು.

"ಬಸವ ಜಯಂತಿಗೆ ಮನ್ಯಾಗ ವಚನ ಗಾಯನ ಇಟ್ಕೊಂಡಿದ್ವಿ. ಸಿಡ್ನಿ ಮಂದಿ ಎಲ್ಲಾ ಬಂದಿದ್ರು. ಹುಡುಗ್ರು ಆಡ್ಕೋತ ಮ್ಯಾಲೆ ಬಂದು ಇದನ್ನ ನೋಡಿ, ಊಟದ ಮುಂದ ಒದರಿದ್ರು, 'ಅಂಕಲ್, ಅಕ್ಕಾ ನಾಯಿಗೆ ವಿಭೂತಿ ಹಚ್ಯಾಳ' ಅಂತ. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆಕಿ ಅಲ್ಲೇ ಹೋಳಿಗಿ ಬಡಸ್ತಿದ್ಲು."

"ಆಮೇಲೆ?"

"ಮಂದಿ ಹೋದ ಮ್ಯಾಲೆ ಆಕಿ ಅತ್ಲು. ಆಕಿ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡ್ದೆ. ನಿನ್ನ ರೂಮಿಗೆ ಕೈ ಹಾಕಂಗಿಲ್ಲ ಮಗಳ, ನಿನ್ನ ದೇವರು ನಿನ್ನದು ಅಂತ." ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. "ಮರುದಿನ ಆಕಿ ಡ್ಯೂಟಿಗೆ ಹೋದಾಗ ತಗದೆ."

"ಬಿನ್‌ಗೆ ಹಾಕಿದ್ರಿ?"

"ಛೇ!" ಅವರು ನಿಜವಾಗಿಯೂ ಬೆಚ್ಚಿಬಿದ್ದರು. "ಪೂಜಿ ಮಾಡಿದ್ದನ್ನ ಬಿನ್‌ಗೆ ಹಾಕ್ತಾರೇನ್ರಿ? ಅಹಲ್ಯಾನ ಕುಪ್ಪಸದ ಖಣದಾಗ ಸುತ್ತಿ, ಬಿಚ್ಚದಂಗ ಗಂಟು ಹಾಕಿ, ಹೊಳಿಗೆ ಬಿಟ್ಟೆ. ಕಬ್ಬಿಣದ್ದು, ಮುಳುಗ್ತು. ವರ್ಷಕ್ಕೊಮ್ಮಿ ಗಣಪ್ಪನ್ನ ಬಿಡ್ತೀವಲ್ಲ, ಅಲ್ಲೇ. ಸೇತುವಿಂದ ಆಚೆ, ದಂಡಿ ಗುಂಟ ನಡಕೊಂಡು ಹೋದ್ರ ದೋಣಿ ಹತ್ತೂ ಹಳೇ ಜೆಟ್ಟಿ ಐತಿ."

ಮಗಳ ದೇವರನ್ನು ಮನೆಯಿಂದ ಹೊರಹಾಕುವುದಕ್ಕೆ ನಾಚಲಿಲ್ಲ, ಕಸದ ಡಬ್ಬಿಗೆ ಹಾಕುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ಇಂಥ ಭಕ್ತಿಗೆ ಏನೆನ್ನಬೇಕೋ ನನಗೆ ತಿಳಿಯದು. ಕೃಪಾಳಿಗೆ ಮಾತ್ರ ತನ್ನ ಅಪ್ಪ ಚೆನ್ನಾಗಿ ಗೊತ್ತಿದ್ದ. ಖಾಲಿ ಜಾಗ ನೋಡಿದ ಕೂಡಲೇ ಅದು ಎಲ್ಲಿಗೆ ಹೋಗಿದೆ ಎಂದು ಅವಳಿಗೆ ಹೊಳೆದಿರಬೇಕು. ಬತ್ತಿ ಹಚ್ಚಿ, ಪ್ರಾರ್ಥನೆ ಮಾಡಿ, ಕಾರು ತೆಗೆದುಕೊಂಡು ಅದನ್ನು ತರಲು ಹೋಗಿದ್ದಾಳೆ. ಸಾಯಲು ಹೋದವಳಲ್ಲ.

"ಇದನ್ನ ಪೊಲೀಸರಿಗೆ ಹೇಳೀರೇನು?"

ತಲೆ ಅಲ್ಲಾಡಿಸಿದರು.

"ಎರಡು ವಾರ ಅವರು ಸೇತುವಿ ಬುಡದಾಗ ಹುಡುಕಾಕತ್ತಾರ. ಆಕಿ ಹೋಗಿದ್ದು ಜೆಟ್ಟಿಗೆ. ಅದು ನಿಮಗೊಬ್ಬರಿಗೇ ಗೊತ್ತಿತ್ತು!"

"ಏನಂತ ಹೇಳ್ಲಿ ಮ್ಯಾಡಮ್? ಮಗಳ ತಲಿ ಮುಟ್ಟಿ ಆಣಿ ಮಾಡಿ ಮುರದೆ ಅಂತ ಹೇಳ್ಲ್ಯಾ?" ಅವರು ದನಿ ತೆಗೆದು ಅತ್ತರು. "ನಾಚಿಕಿ ಆತ್ರಿ. ಮೊದಲ ತೋಳದ ನಾಚಿಕಿ. ಆಮ್ಯಾಲೆ ನನ್ನದ ನಾಚಿಕಿ."

ನನಗೆ ಸಿಟ್ಟು ನೆತ್ತಿಗೇರಿತ್ತು. ಫೋನ್ ಅವರ ಕೈಗೆ ತುರುಕಿದೆ. ಪೊಲೀಸ್ ಅಧಿಕಾರಿಗೆ ಜೆಟ್ಟಿಯ ವಿಷಯ, ಗಂಟಿನ ವಿಷಯ, ಆಣೆಯ ವಿಷಯ ಎಲ್ಲವನ್ನೂ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದರು. ಆಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ತಿಳಿಯದೆ ನಡುವೆ ನಿಂತರು. ನಾಳೆ ಬೆಳಿಗ್ಗೆ ಜೆಟ್ಟಿಯಲ್ಲಿ ಹುಡುಕುತ್ತೇವೆ ಎಂದರಂತೆ ಆ ಕಡೆಯಿಂದ.

ಹೊರಡುವಾಗ ಅಹಲ್ಯಾ ತಮ್ಮ ಮೊಬೈಲಿನಲ್ಲಿದ್ದ ಒಂದು ಫೋಟೋ ಕಳಿಸಿದರು. ಗಂಡನಿಗೆ ಗೊತ್ತಿಲ್ಲದೆ ತೆಗೆದದ್ದು. ಮುಷ್ಟಿಯಷ್ಟು ದೊಡ್ಡ ಕಬ್ಬಿಣದ ತೋಳ, ಎಡಗಿವಿ ಮುರಿದು ಅರ್ಧವಾಗಿದೆ, ಹಣೆಯ ಮೇಲೆ ವಿಭೂತಿಯ ಮೂರು ಗೆರೆ. ಕೃಪಾ ಅದನ್ನು ಎಡ ಅಂಗೈ ಮೇಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಾಳೆ.

"ಅತ್ತಿ ಆಕಿಗೆ ಸಣ್ಣಾಕಿದ್ದಾಗ ಲಿಂಗಪೂಜಿ ಕಲಿಸಿದ್ರು," ಎಂದರು ಅಹಲ್ಯಾ. "ಇಷ್ಟಲಿಂಗಾನ್ನ ಹಿಂಗ ಹಿಡೀತೀವಲ್ಲ ನಾವು. ಆಕಿ ತೋಳಾನ್ನೂ ಹಂಗ ಹಿಡೀತಿದ್ಲು."

"ಅತ್ತೆ ಈಗೆಲ್ಲಿ?"

"ಮೆಲ್ಬರ್ನ್‌ನಾಗ, ಮೈದುನ ರುದ್ರಪ್ಪನ ಮನ್ಯಾಗ. ಆಕಿ ಕಾಣೆ ಆದ ಮರುದಿನನ ಕಳಿಸಿಬಿಟ್ವಿ. ಅವರಿಗೆ ಏನೂ ಹೇಳಿಲ್ರಿ. ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾರ."

ಮೆಟ್ಟಿಲ ಗೋಡೆಗೆ ಆ ಅಜ್ಜಿಯ ಫೋಟೋ ತೂಗುಹಾಕಿದ್ದರು. ಬಸಕ್ಕ, ದೊಡ್ಡ ವಿಭೂತಿ, ಹಸಿರು ಬಳೆ. ಮೊಮ್ಮಗಳ ಭುಜದ ಮೇಲಿಟ್ಟ ಎಡಗೈಯ ಮಣಿಕಟ್ಟಿನಲ್ಲಿ ಚೇಳಿನ ಹಚ್ಚೆ.

ಎರಡು ಬೀದಿ ನಡೆದು ಕಾರಿನಲ್ಲಿ ಕುಳಿತು, ಅಭ್ಯಾಸಬಲದಿಂದ ಫೋನ್ ತೆರೆದೆ. ತೋಳದ ಭಕ್ತರು ತಮ್ಮ ತಮ್ಮ ಪೂಜೆಯ ಫೋಟೋ ಹಾಕುವ ಪುಟವೊಂದಿದೆ, ಮುಖ ತೋರಿಸುವುದಿಲ್ಲ, ಹೆಸರಿರುವುದಿಲ್ಲ. ವಾರದಿಂದ ದಿನಾ ನೋಡುತ್ತಿದ್ದೆ. ಹಿಂದಿನ ದಿನ ಹಾಕಿದ ಹೊಸ ಫೋಟೋ ಕಂಡಿತು. ಕಬ್ಬಿಣದ ತೋಳ. ಎಡಗಿವಿ ಅರ್ಧ. ಹಣೆಯ ಮೇಲೆ ಹೊಸದಾಗಿ ಹಚ್ಚಿದ ವಿಭೂತಿ. ಎಡ ಅಂಗೈ, ಕಣ್ಣಿನ ಮಟ್ಟಕ್ಕೆ.

ಹೊಳೆಯ ತಳ ಸೇರಿದ್ದ ತೋಳ ಮೇಲೆ ಬಂದಿತ್ತು. ಹಾಗಾದರೆ ಹುಡುಗಿಯೂ ಬದುಕಿದ್ದಾಳೆ! ಸ್ಟೀರಿಂಗ್ ಮೇಲೆ ಹಣೆಯಿಟ್ಟು ಒಬ್ಬಳೇ ನಕ್ಕೆ. ಓಡಿಹೋಗಿ ಅಹಲ್ಯಾಗೆ ಹೇಳೋಣವೆಂದು ಬಾಗಿಲು ತೆಗೆದವಳು, ಫೋಟೋ ಹಿಗ್ಗಿಸಿ ನೋಡಿ ಹಾಗೇ ಕುಳಿತೆ.

ಆ ಕೈ ಕೃಪಾಳದಲ್ಲ. ಸುಕ್ಕುಗಟ್ಟಿದ ಕೈ, ಹಸಿರು ಬಳೆ, ಮಣಿಕಟ್ಟಿನಲ್ಲಿ ಚೇಳು.

ಮರುದಿನ ಮೆಲ್ಬರ್ನ್‌ನ ಟಾರ್ನೀಟ್ ಎಂಬ ಸಬರ್ಬ್‌ನಲ್ಲಿ ಆ ಕೈಯೇ ನನಗೆ ಬಾಗಿಲು ತೆಗೆಯಿತು.

"ರುದ್ರಪ್ಪ ಡ್ಯೂಟಿಗೆ ಹೋಗ್ಯಾನ," ಎಂದರು ಬಸಕ್ಕ. "ನೀ ಯಾರಾಕಿ?"

"ಧಾರವಾಡದಾಕಿ, ಅಜ್ಜಿ. ದೂರಿಂದ ಬಂದೀನಿ, ನೀರು ಕೊಡ್ರಿ."

ನೀರು ಕೇಳಿದವರನ್ನು ಹೊರಗೆ ನಿಲ್ಲಿಸುವ ಜಾತಿಯ ಅಜ್ಜಿಯಲ್ಲ. ಒಳಗೆ ಕರೆದರು. ಅಡುಗೆಮನೆಯಲ್ಲಿ ರೊಟ್ಟಿಯ ಪುಟ್ಟಿ, ಎಣ್ಣೆಗಾಯಿ ಪಲ್ಯ, ಟೇಬಲ್ ಮೇಲೆ ಎರಡು ತಾಟು ಹಾಕಿಟ್ಟಿತ್ತು.

"ಮಗ ಸಂಜಿಗೆ ಬರಾವ. ಎರಡನೇ ತಾಟು ಯಾರಿಗೆ, ಅಜ್ಜಿ?"

ಬಸಕ್ಕ ತಿರುಗಿ ನೋಡಿದರು. ಎದೆ ಒಡೆದು ಸಾಯುವ ಮುದುಕಿಯ ಕಣ್ಣಲ್ಲ ಅದು.

"ಶಂಭ್ಯಾ ಕಳಿಸ್ಯಾನೇನು ನಿನ್ನ?"

ಫೋನಿನ ಫೋಟೋ ತೋರಿಸಿದೆ. ಆಕೆ ಅದನ್ನು ದೂರ ಹಿಡಿದು ನೋಡಿ, ಉಸಿರು ಬಿಟ್ಟರು.

"ಬ್ಯಾಡ ಅಂದೆ. ನಿನ್ನ ಕೈ ಚಂದ ಬಂದೈತಿ ಅಜ್ಜಿ, ಹಾಕ್ತೀನಿ ಅಂದ್ಲು."

"ಆಕಿ ಅದಾಳೇನು? ಅದೊಂದು ಹೇಳ್ರಿ, ಸಾಕು."

"ಮೊದಲ ಕೈ ಕೊಡು." ಬಸಕ್ಕ ಎಡ ಅಂಗೈ ಚಾಚಿದರು. "ನಾ ಹೇಳಿದ್ದು ನನ್ನ ಮಗಗ, ಸೊಸಿಗೆ ಹೋಗಂಗಿಲ್ಲ. ಆಕಿ ತಾನ ಹೇಳೂ ತನಕ. ನನ್ನ ಕೈಯಾಗ ಕೈ ಇಟ್ಟು ಮಾತು ಕೊಡು. ನನ್ನ ಮಗನಂಗ ಕೊಡಬ್ಯಾಡ, ನಿಜಾ ಕೊಡು."

"ತಾಯಿ ಅಳಾಕತ್ತಾಳ, ಅಜ್ಜಿ."

"ಆಣಿ ಮಾಡಿದಾಗ ಆಕಿನೂ ಬಾಜೂಕ ಇದ್ಲು. ಗಂಟು ಕಟ್ಟಾಕ ತನ್ನ ಖಣಾ ತಗದು ಕೊಟ್ಟಾಕಿನೂ ಆಕಿನ. ಅಳ್ಲಿ. ಈ ಮಾತು ಹೇಳಾಕ ನನಗರ ನಾಚಿಕಿ ಆಗಂಗಿಲ್ಲೇನು? ನನ್ನ ಹೊಟ್ಟ್ಯಾಗ ಹುಟ್ಟಿದಾವ ಹಿಂಗ ಮಾಡ್ದ ಅಂತ ಯಾರ ಮುಂದ ಹೇಳ್ಲಿ? ಅದಕ್ಕ ಆ ತೋಳದ ಮುಂದ ಹೇಳ್ತೀನಿ. ದಿನಾ ಲಿಂಗಪೂಜಿ ಆದ ಮ್ಯಾಲೆ ಅದನ್ನ ಅಂಗೈ ಮ್ಯಾಲೆ ಇಟ್ಕೊಂಡು ತಪ್ಪಾತು ತೋಳಪ್ಪಾ ಅಂತೀನಿ."

ನಿಜ ಬೇಕಿತ್ತು ನನಗೆ. ಕೈ ಕೊಟ್ಟೆ. ಆಕೆ ಬೆರಳು ಮಡಚಿ ಹಿಡಿದುಕೊಂಡರು.

"ಅದಾಳ. ದಿನಾ ಮಧ್ಯಾಹ್ನ ಇಲ್ಲೇ ಉಣ್ತಾಳ. ಇನ್ನೇನು ಬರೂ ಹೊತ್ತು."

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ. "ಹಂಗಾರ ಇನ್ನ ಯಾಕ ಅಡಗಿ ಕೂತಾಳ, ಅಜ್ಜಿ? ತೋಳ ಸಿಕ್ತು, ಸಿಟ್ಟೂ ತೀರಿರಬೇಕು. ತಾನು ಬದುಕೀನಿ ಅಂತ ಒಂದು ಮಾತು ಹೇಳಾಕ ಏನು ಅಡ್ಡಿ?"

ಬಸಕ್ಕ ಇನ್ನೊಂದು ಕೈಯಿಂದ ಎರಡನೇ ತಾಟನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಆಕಿಗೆ ಈಜು ಬರಂಗಿಲ್ಲವಾ. ನೀರಿಗೆ ಇಳಿದಾಕಿ ಆಕಿ ಅಲ್ಲ. ಗಂಟು ಮ್ಯಾಲೆ ಬಂತು, ಇಳಿದಾವ ಬರ್ಲಿಲ್ಲ."

ಎರಡು ಫೋನು ಸ್ವಿಚ್ ಆಫ್ ಆಗಿದ್ದವು. ಒಂದು ಫೋನಿನ ಒಡತಿ ಮಾತ್ರ ಮೆಲ್ಬರ್ನ್‌ನಲ್ಲಿ ರೊಟ್ಟಿ ಉಣ್ಣುತ್ತಿದ್ದಳು. ಅಭಿನವ ಎಲ್ಲಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಅಹಲ್ಯಾ. ಬಲಗೈ ಬಸಕ್ಕನ ಹಿಡಿತದಲ್ಲಿತ್ತು, ಎಡಗೈಯಿಂದ ತಡವರಿಸಿ ಎತ್ತುವಾಗ ಸ್ಪೀಕರ್ ಒತ್ತಿಹೋಯಿತು. ಹೊಳೆಯ ದಂಡೆಯ ಗಾಳಿ, ಜನರ ಮಾತು, ನಡುವೆ ಆಕೆಯ ದನಿ ಅಡುಗೆಮನೆ ತುಂಬಿತು.

"ಮ್ಯಾಡಮ್, ಜೆಟ್ಟಿ ಬುಡದಾಗ ಒಂದು ಹೆಣ ಸಿಕ್ಕೈತ್ರಿ. ಯಾರದು ಅಂತ ಹೇಳವಲ್ರು, ಹತ್ತಿರ ಬಿಡವಲ್ರು. ಇವರು ನೆಲಕ್ಕ ಬಿದ್ದಾರ. ನಾನ ಕೊಂದೆ, ನಾನ ಕೊಂದೆ ಅಂತ ಒದರಾಕತ್ತಾರ. ಅದು ನನ್ನ ಮಗಳಲ್ಲ ಅಂತ ನೀವರ ಒಂದು ಮಾತು ಹೇಳ್ರಿ. ಮ್ಯಾಡಮ್? ಕೇಳಾಕತ್ತೀರೇನ್ರಿ?"

ಹೇಳಲು ಒಂದೇ ಮಾತು ಸಾಕಿತ್ತು. ನಿನ್ನೆ ಒಬ್ಬ ತಂದೆಯನ್ನು ನೆಲಕ್ಕೆ ಕೂರಿಸಿ, ಕೊಟ್ಟ ಮಾತು ಮುರಿದದ್ದಕ್ಕೆ ನಾಚಿಕೆಪಡಿಸಿ ಬಂದವಳು ನಾನು. ಈಗ ಮಾತು ಮುರಿದರೂ ನಾಚಿಕೆ, ಉಳಿಸಿಕೊಂಡರೂ ನಾಚಿಕೆ.

ಹಿತ್ತಲ ಗೇಟಿನ ಚಿಲಕ ಸದ್ದಾಯಿತು. "ಅಜ್ಜೀ, ಹಸಿವಾಗೈತಿ," ಎಂದು ಹುಬ್ಬಳ್ಳಿ ಕನ್ನಡದಲ್ಲಿ ಹುಡುಗಿಯ ದನಿ ಕೇಳಿತು. ಫೋನಿನ ಆ ತುದಿಯಲ್ಲಿ ಅಹಲ್ಯಾ ಒಮ್ಮೆಲೇ ಸುಮ್ಮನಾದರು.

ಬಸಕ್ಕ ನನ್ನ ಕೈ ಬಿಡಲಿಲ್ಲ.